ಗೌರಕ್ಕನ ಸೊಂಟದ ಡಾಬು

ಗೌರಕ್ಕ ಬೆಳಗ್ಗೆ ಎಚ್ಚರವಾದ ಕೂಡಲೇ ಏಳುತ್ತಿರಲಿಲ್ಲ. ಅಂಗಾತ ಮಲಗಿದಂತೆಯೇ ಮೊಣಕಾಲು ಮಡಚಿ, ಉಸಿರು ಬಿಟ್ಟು, ಹೊಕ್ಕಳ ಕೆಳಗೆ ನಾಲ್ಕು ಬೆರಳಿಟ್ಟು ಮೆಲ್ಲಗೆ ಒತ್ತುತ್ತಿದ್ದಳು. ಅಲ್ಲಿದ್ದ ಗಂಟು ಗುಳುಗುಳು ಎಂದು ಒಳಗೆ ಸರಿಯುತ್ತಿತ್ತು. ಅದು ಮತ್ತೆ ತಲೆ ಎತ್ತುವುದರೊಳಗೆ, ಬೆನ್ನ ಕೆಳಗೆ ಹಾಸಿಕೊಂಡಿದ್ದ ಪಟ್ಟಾದ ಎರಡೂ ತುದಿಗಳನ್ನು ಎಳೆದು, ಒಳಗಿನ ದುಂಡನೆಯ ಗಟ್ಟಿ ಮೆತ್ತೆ ಸರಿಯಾಗಿ ಆ ಜಾಗದ ಮೇಲೆ ಕೂರುವಂತೆ ಬಿಗಿಯಬೇಕು. ಅಂಟುಪಟ್ಟಿಗಳು ಮೂರು. ಹೆಚ್ಚು ಬಿಗಿದರೆ ಉಸಿರು ಕಟ್ಟುತ್ತದೆ, ಕಡಿಮೆಯಾದರೆ ಗಂಟು ಜಾರುತ್ತದೆ. ಹಾಗಾಗಿ ದಿನವೂ ಒಂದೆರಡು ಸಲ ಬಿಚ್ಚಿ ಹಾಕಲೇಬೇಕು. ಬಿಚ್ಚುವಾಗ ಅದು ಚರ್ರ್ ಎಂದು ಹೊಸ ಅರಿವೆ ಹರಿದಂತೆ ಸದ್ದು ಮಾಡುತ್ತಿತ್ತು. ಆ ಸದ್ದು ಮುಚ್ಚಲು ಗೌರಕ್ಕ ಕೆಮ್ಮುತ್ತಿದ್ದಳು.

ಕುಂದಗೋಳದ ವೃಂದಾ ಡಾಕ್ಟರ್ ಬಾಯಾರು ಮೊದಲು ಹೇಳಿದ್ದೇ ಕೆಮ್ಮಬೇಡಿ ಎಂದು.

"ಕೆಮ್ಮಬಾರದು, ತಿಣುಕಬಾರದು, ಭಾರ ಎತ್ತಬಾರದು. ಪಟ್ಟಾ ಅಂದ್ರ ಔಷಧ ಅಲ್ಲರಿ ಗೌರಕ್ಕ. ಮುರದ ಬಾಗಲಕ್ಕ ಕಲ್ಲ ಆನಿಸಿಟ್ಟಂಗ. ಆಪರೇಷನ್ ಮಾಡಿಸ್ಕೊಳ್ಳಬೇಕು. ಗಂಟು ಕಲ್ಲಿನಂಗ ಬಿಗದು, ವಾಂತಿ ಬಂತಂದ್ರ ಮಾತ್ರ ಒಂದ ತಾಸೂ ಕೂಡಬ್ಯಾಡ್ರಿ."

"ಆಪರೇಷನ್ ಆದಮ್ಯಾಲ ಎಷ್ಟ ದಿನಕ್ಕ ಎತ್ತಬಹುದ್ರಿ?"

"ಮೂರ ತಿಂಗಳು ಎತ್ತೂ ಹಂಗಿಲ್ಲ. ಭಾಳ ಅಂದ್ರ ಆರೇಳು ವಾರಕ್ಕ ಹಗೂರ ಕೆಲಸ ಮಾಡಬಹುದು."

ಆರೇಳು ವಾರ ಎನ್ನುವುದು ಗೌರಕ್ಕನ ಕಿವಿಯಲ್ಲಿ ಉಳಿಯಿತು. ಬೇಸಿಗೆ ರಜೆ ಅಷ್ಟೇ ಇರುತ್ತದಲ್ಲ.

ಗುಡಗೇರಿಗೆ ಹತ್ತಿರದ ಊರು ಅವಳದು. ಅಲ್ಲಿಯ ಸರಕಾರಿ ಶಾಲೆಯ ಬಿಸಿಯೂಟದ ಮುಖ್ಯ ಅಡುಗೆಯವಳು ಅವಳು. ನೂರಾ ನಲವತ್ತು ಮಕ್ಕಳಿಗೆ ಅನ್ನ ಸಾರು ಮಾಡುವ ಕೈ. ಗಂಡ ಸಿದ್ಧಾರೂಢ ತೀರಿಕೊಂಡು ಎಂಟು ವರ್ಷ. ಇಬ್ಬರು ಹೆಣ್ಣುಮಕ್ಕಳನ್ನೂ ಲಗ್ನ ಮಾಡಿ ಕೊಟ್ಟಾಗಿತ್ತು. ಮನೆಯಲ್ಲಿ ಇದ್ದವರು ಮೈದುನ ಕುಬೇರಪ್ಪ, ಅವನ ಹೆಂಡತಿ ಸುನೀತಾ, ಅವರ ಮಗಳು ಶಾಂಭವಿ, ಮತ್ತೆ ಕಣ್ಣು ಹೋದ ಅತ್ತೆ ಮಲ್ಲಕ್ಕ. ಯಾರೂ ಕೆಟ್ಟವರಲ್ಲ. ಆದರೂ ಮನೆಯೊಳಗೆ ಅವಳು ಮೂಲೆಯ ಕೋಣೆಯ ವಿಧವೆ. ಶಾಲೆಯ ಅಡುಗೆ ಕೋಣೆಯಲ್ಲಿ ಮಾತ್ರ ಗೌರಕ್ಕ. ಹೆಡ್ ಮಾಸ್ತರರೂ ಒಳಗೆ ಬರುವಾಗ ಚಪ್ಪಲಿ ಬಿಟ್ಟು, "ಗೌರಕ್ಕಾರ, ಬರಬಹುದೇನ್ರಿ?" ಎಂದು ಕೇಳಿ ಬರುತ್ತಿದ್ದರು. ಕೈಯಲ್ಲಿ ಸೌಟು ಇರುವ ತನಕ ಆ ಮಾತು. ಅನ್ನದ ದೊಡ್ಡ ಪಾತ್ರೆ, ಆ ಡಬರಿ ಎತ್ತಲಾರದವಳಿಗೆ ಸೌಟು ಯಾರು ಕೊಡುತ್ತಾರೆ?

ಎರಡನೆಯ ಹೆಣ್ಣಾದ ಮೇಲೆ ಮಕ್ಕಳು ಸಾಕೆಂದು ಮಾಡಿಸಿಕೊಂಡ ಆಪರೇಷನ್ನಿನ ಹೊಲಿಗೆಯ ಜಾಗದಲ್ಲಿಯೇ ಗಂಟು ಎದ್ದಿತ್ತು. ಮೊದಲು ನಿಂಬೆಹಣ್ಣಿನಷ್ಟು. ಅಕ್ಕಿಯ ಡಬರಿ ಇಳಿಸಿ ಇಳಿಸಿ ಮುಷ್ಟಿಯಷ್ಟಾಯಿತು. ಹುಬ್ಬಳ್ಳಿಗೆ ಒಬ್ಬಳೇ ಹೋಗಿ ಪಟ್ಟಾ ಕೊಂಡಳು. ಔಷಧದಂಗಡಿಯ ಹಾರೂನ್, "ಯಾರಿಗ್ರಿ ಅಮ್ಮಾ?" ಎಂದು ಕೇಳಿದಾಗ ಬಾಯಿ ತಪ್ಪಿ, "ನಮ್ಮ ಮೈದುನಗ" ಅಂದುಬಿಟ್ಟಳು. ಅವನು ತೊಡೆಗಳ ನಡುವೆ ಹಾದುಹೋಗುವ ಎರಡು ಲಾಡಿಗಳಿದ್ದ ಗಂಡಸರ ಪಟ್ಟಾ ತೆಗೆದು ಮೇಜಿನ ಮೇಲೆ ಹರಡಿ, ಕಟ್ಟಿಕೊಳ್ಳುವ ರೀತಿಯನ್ನು ತನ್ನ ಪ್ಯಾಂಟಿನ ಮೇಲೆಯೇ ತೋರಿಸತೊಡಗಿದ. ಗೌರಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಸಾಕಪ್ಪಾ, ನಮ್ಮ ಮೈದುನ ಹೆಂಗಸು" ಎಂದಳು. ಹಾರೂನ್ ನಗಲಿಲ್ಲ. ಅದನ್ನು ಮಡಚಿಟ್ಟು ಹೊಟ್ಟೆಯ ಪಟ್ಟಾ ಕೊಟ್ಟ.

ಅಂದಿನಿಂದ ಎರಡು ವರ್ಷ. ಮೊದಲನೆಯ ಬೇಸಿಗೆಗೆ ಆಪರೇಷನ್ ಎಂದು ನೆನೆದಿದ್ದಳು. ಬರದ ವರ್ಷವೆಂದು ರಜೆಯಲ್ಲಿಯೂ ಮಕ್ಕಳಿಗೆ ಊಟ ಹಾಕಬೇಕೆಂಬ ಆರ್ಡರ್ ಬಂತು. ಎರಡನೆಯ ಬೇಸಿಗೆಯಲ್ಲಿ ಮಲ್ಲಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಮಂಚ ಹಿಡಿದಳು. ಎತ್ತಿ ಕೂರಿಸುವವಳು ಗೌರಕ್ಕನೇ. ಇದು ಮೂರನೆಯದು. ಈ ಸಲ ಬಿಡಬಾರದು, ರಜೆ ಬಿದ್ದ ಮೊದಲ ಸೋಮವಾರವೇ ಹೋಗಿ, ಮಗಳ ಊರಿಗೆ ಹೋಗಿದ್ದೆ ಎಂದು ಹೇಳಿ ಮುಗಿಸಬೇಕು ಎಂದುಕೊಂಡಿದ್ದಳು.

ಅಡುಗೆ ಕೋಣೆಯಲ್ಲಿ ಅವಳ ಜೊತೆಗಿದ್ದವಳು ಜೈನಬಿ. ಗಟ್ಟಿಮುಟ್ಟಾದ ಹೆಂಗಸು. ಇತ್ತೀಚೆಗೆ ಅವಳ ಮೇಲೆ ಗೌರಕ್ಕನಿಗೆ ಅನುಮಾನ ಬಂದಿತ್ತು. ಡಬರಿ ಇಳಿಸುವ ಹೊತ್ತಿಗೆ ಜೈನಬಿ ಎಲ್ಲಿದ್ದರೂ ಓಡಿ ಬಂದು ಭಾರದ ಕಡೆಯ ಕಿವಿ ಹಿಡಿಯುತ್ತಿದ್ದಳು. ಅಕ್ಕಿ ಚೀಲವನ್ನು ಕೇಳದೆಯೇ ಎಳೆದು ತರುತ್ತಿದ್ದಳು. ಈಕೆ ಸೌಟಿನ ಮೇಲೆ ಕಣ್ಣಿಟ್ಟಿದ್ದಾಳೆ, ಎಲ್ಲ ತನ್ನಿಂದಲೇ ಆಗುತ್ತದೆಂದು ಹೆಡ್ ಮಾಸ್ತರರಿಗೆ ತೋರಿಸುತ್ತಿದ್ದಾಳೆ ಎಂದು ಗೌರಕ್ಕ ಒಳಗೊಳಗೆ ಕುದಿಯುತ್ತಿದ್ದಳು.

"ನನಗೇನ ಕೈ ಇಲ್ಲೇನ ಜೈನಬಿ?"

"ಅದಾವಲ್ಲ ಗೌರಕ್ಕಾ. ನಂದೂ ಎರಡ ಅದಾವ, ಸುಮ್ಮನ ಇಟ್ಟ ಏನ ಮಾಡ್ಲಿ, ಉಪ್ಪಿನಕಾಯಿ ಹಾಕ್ಲಿ?"

ಆ ಮಾರ್ಚ್ ತಿಂಗಳ ಒಂದು ಭಾನುವಾರ ಅತ್ತೆಯನ್ನು ನೀರೆರೆಯಲು ಬಚ್ಚಲಿಗೆ ಕರೆದೊಯ್ಯುವಾಗ ಡಾಬಿನ ಮಾತು ಹುಟ್ಟಿತು. ಮಲ್ಲಕ್ಕನನ್ನು ಮಂಚದಿಂದ ಎಬ್ಬಿಸಲು ತಬ್ಬಿ ಹಿಡಿಯಬೇಕಿತ್ತು. ಮುದುಕಿ ಎರಡೂ ಕೈಗಳಿಂದ ಸೊಸೆಯ ಸೊಂಟ ಬಳಸಿದಳು. ಕಣ್ಣಿಲ್ಲದವರ ಬೆರಳು ಸುಮ್ಮನಿರುವುದಿಲ್ಲ. ಸೀರೆಯ ಮೇಲಿಂದಲೇ ಪಟ್ಟಾದ ಅಂಚು ಹಿಡಿದು ಸುತ್ತಲೂ ಸವರಿ, ಮುಂದಿನ ಗಟ್ಟಿ ಮೆತ್ತೆಯ ಮೇಲೆ ಬಂದು ನಿಂತವು.

"ಗೌರವ್ವಾ, ಡಾಬು ಕಟ್ಟಿಕೊಂಡಿ?"

ಡಾಬು ಎಂದರೆ ಆ ಮನೆಯ ಬೆಳ್ಳಿಯ ಸೊಂಟಪಟ್ಟಿ. ಒಂದು ಕಾಲಕ್ಕೆ ಮಲ್ಲಕ್ಕ ಅದನ್ನು ಹಗಲೂ ರಾತ್ರಿ ಕಟ್ಟಿಕೊಂಡೇ ಇರುತ್ತಿದ್ದಳು. ಜೋಳ ಕೊಯ್ಯುವಾಗಲೂ ಡಾಬು, ಸೆಗಣಿ ಬಳಿಯುವಾಗಲೂ ಡಾಬು. ಬೆಳಗ್ಗೆ ಬಾಗಿಲು ಹಾಕಿಕೊಂಡು ಕಟ್ಟಿಕೊಳ್ಳುತ್ತಿದ್ದಳು, ಸೊಸೆಯಂದಿರೂ ಒಳಗೆ ಹೋಗುವ ಹಾಗಿರಲಿಲ್ಲ. ಊರವರು "ಡಾಬಿನ ಮಲ್ಲಕ್ಕ, ಬಿಂಕದಾಕಿ" ಎನ್ನುತ್ತಿದ್ದರು. ಆಮೇಲೆ ಯಾವಾಗಲೋ ಅದು ಕಾಣದಾಯಿತು. ಎಲ್ಲಿ ಎಂದು ಕೇಳಿದರೆ ಮುದುಕಿ ಮಾತು ಬದಲಿಸುತ್ತಿದ್ದಳು.

ಈಗ ಏನು ಹೇಳುವುದು? ಅಲ್ಲ ಎಂದರೆ ಮತ್ತೇನು ಎನ್ನುತ್ತಾಳೆ. ಪಡಸಾಲೆಯಲ್ಲಿ ಸುನೀತಾ ಅಕ್ಕಿ ಆರಿಸುತ್ತ ಕೂತಿದ್ದಾಳೆ.

"ಹೂಂನ್ರಿ ಅತ್ತಿ," ಎಂದಳು ಗೌರಕ್ಕ, ಬಾಯಿ ಮುಚ್ಚಿಸಿದರೆ ಸಾಕು ಎಂದು.

"ಚೊಲೊ ಮಾಡಿದಿ. ಬಿಗಿ ಕಟ್ಟು," ಎಂದಳು ಮುದುಕಿ.

ಆ ಒಂದು ಹೂಂ ಸಂಜೆಯ ಹೊತ್ತಿಗೆ ಮನೆಯನ್ನೆಲ್ಲ ಸುತ್ತಿ ಬಂತು. ಶಾಂಭವಿಗೆ ಅದೇ ವಾರ ಗಂಡು ಗೊತ್ತಾಗಿತ್ತು. ಆ ಮನೆಯ ಹೆಣ್ಣು ಅಕ್ಷತೆಯ ಹೊತ್ತಿಗೆ ಮನೆಯ ಡಾಬು ಕಟ್ಟಿಕೊಂಡು ನಿಲ್ಲಬೇಕೆಂಬುದು ಹಿಂದಿನಿಂದ ಬಂದ ಪದ್ಧತಿ. ಗೌರಕ್ಕನ ಹೆಣ್ಣುಮಕ್ಕಳ ಲಗ್ನ ಅವಸರದಲ್ಲಿ ಆಗಿತ್ತು, ಆಗ ಡಾಬಿನ ಮಾತು ಬಂದಿರಲಿಲ್ಲ. ಡಾಬು ಎಲ್ಲಿ ಎಂದು ಸುನೀತಾ ಅತ್ತೆಯನ್ನು ಕೇಳಿದರೆ, "ಗೌರವ್ವ ಕಟ್ಟಿಕೊಂಡಾಳಲ್ಲ" ಎಂಬ ಉತ್ತರ ಬಂತು.

ಸುನೀತಾ ಮೊದಲು ನಗುತ್ತಲೇ ಕೇಳಿದಳು. "ಯಕ್ಕಾ, ಡಾಬು ನಿಮ್ಮ ಕಡೆ ಐತಂತ. ಇರ್ಲಿ ಬಿಡ್ರಿ, ನಿಮಗೂ ಆಸೆ ಇರತೈತಿ. ಲಗ್ನದ ಒಂದ ದಿನ ಹುಡುಗಿಗೆ ಕೊಡ್ರಿ."

"ನನ್ನ ಕಡೆ ಇಲ್ಲವಾ. ಅತ್ತಿಗೆ ಮರವು."

"ಮರವು ಬಂದಾಕಿ ಬೆರಳಿಗೆ ಬೆಳ್ಳಿ ಹೆಂಗ ಸಿಕ್ತು? ನೀವ ಹೂಂ ಅಂದಿರಂತ."

ಪಟ್ಟಾ ಬಿಚ್ಚಿ ತೋರಿಸಿದರೆ ಮುಗಿದೇಹೋಗುತ್ತಿತ್ತು. ಆದರೆ ಸುನೀತಾಳ ಬಾಯಿಗೆ ಬಿದ್ದದ್ದು ಶಾಲೆಗೆ ಮುಟ್ಟಲು ಒಂದು ಹಗಲು ಸಾಕು. ಅವಳು ಹಗೆಯಿಂದ ಹೇಳುವವಳಲ್ಲ, ಮರುಕದಿಂದಲೇ ಹೇಳುವವಳು: "ಪಾಪ, ನಮ್ಮಕ್ಕಗ ಹಿಂಗಾಗೈತಿ, ಆಕಿ ಕೈಲೆ ಡಬರಿ ಎತ್ತಿಸಬ್ಯಾಡ್ರಿ." ಆ ಪಾಪವೇ ಸೌಟು ಕಸಿಯುತ್ತದೆ.

ಕುಬೇರಪ್ಪನೂ ಒಂದು ಸಲ ಬಂದು ಹೊಸ್ತಿಲ ಮೇಲೆ ಕೂತ. ಕಷ್ಟದ ಮಾತು ಬಂದಾಗಲೆಲ್ಲ ಕೊರಳಿನ ಲಿಂಗದ ಬೆಳ್ಳಿ ಕರಡಿಗೆಯನ್ನು ಹೆಬ್ಬೆರಳಿನಿಂದ ತಿಕ್ಕುವುದು ಅವನ ರೂಢಿ. ತಿಕ್ಕುತ್ತ, "ವೈನಿ, ನಾನೇನ ಅನ್ನಾಂವ ಅಲ್ಲ. ಮನೀದು ಮನ್ಯಾಗ ಇದ್ರ ಆತು," ಎಂದ. ಬೈದಿದ್ದರೆ ಮೇಲಾಗಿತ್ತು.

ಅಂದೇ ಅವನ ಬಾಯಿಂದ ಲಗ್ನದ ತಾರೀಕೂ ಬಂತು. ಮೇ ತಿಂಗಳ ಎರಡನೆಯ ವಾರ. "ಅಡಗಿ ಉಸ್ತುವಾರಿ ನಿಮ್ಮದ ವೈನಿ. ಐದನೂರ ಮಂದಿ. ನಿಮ್ಮನ್ನ ಬಿಟ್ರ ಯಾರದಾರ?"

ಮೂರನೆಯ ಬೇಸಿಗೆಯೂ ಹೋಯಿತು. ಗೌರಕ್ಕ ಹೂಂ ಎಂದಳು. ಹೂಂ ಎನ್ನುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು.

ಆಮೇಲಿನ ದಿನಗಳಲ್ಲಿ ಮನೆ ಅವಳನ್ನು ಪಟ್ಟಾದ ಹಾಗೆಯೇ ಸುತ್ತಲಿಂದ ಬಿಗಿಯಿತು. ಬಗ್ಗಿದರೆ ಸುನೀತಾಳ ಕಣ್ಣು ಸೊಂಟದ ಮೇಲೆ. ಭಾನುವಾರ ಪಟ್ಟಾ ಒಗೆದು ಲಂಗದ ಒಳಗೆ ಮುಚ್ಚಿ ಒಣಹಾಕುವ ಹಾಗೂ ಇಲ್ಲ, ಹಗ್ಗದ ಕೆಳಗೇ ಸುನೀತಾ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಬೆವರಿನಿಂದ ಸೊಂಟದ ಸುತ್ತ ಕೆಂಪು ಬರೆ ಎದ್ದು ಉರಿಯುತ್ತಿತ್ತು. ಒಂದು ದಿನ ಶಾಲೆಯಿಂದ ಬರುವಷ್ಟರಲ್ಲಿ ಅವಳ ಟ್ರಂಕಿನ ಸೀರೆಗಳ ಮಡಿಕೆ ಬದಲಾಗಿತ್ತು. ಗೌರಕ್ಕ ಮತ್ತೆ ಮಡಚಿಟ್ಟು ಟ್ರಂಕು ಮುಚ್ಚಿದಳು. ಕೇಳಿದರೆ ಅವರು ತಿರುಗಿ ಕೇಳುತ್ತಾರೆ.

ರಜೆಗೆ ಮೂರು ದಿನ ಇರುವಾಗ ಸುನೀತಾ ಶಾಲೆಗೇ ಬಂದಳು. ಹನ್ನೊಂದು ಗಂಟೆಯ ಹೊತ್ತು. ಅನ್ನ ಆಗಿತ್ತು. ಜೈನಬಿ ನೀರಿಗೆ ಹೋಗಿದ್ದಳು. ಅವಳು ಬರುವುದರೊಳಗೆ ತಾನೊಬ್ಬಳೇ ಡಬರಿ ಇಳಿಸಿ ತೋರಿಸಬೇಕೆಂದು ಗೌರಕ್ಕ ಎರಡೂ ಕಿವಿಗಳಿಗೆ ಅರಿವೆ ಸುತ್ತಿ ಎತ್ತಿದಳು. ಇಳಿಸಿದಳು ಕೂಡ. ಹೊಟ್ಟೆಯೊಳಗೆ ಏನೋ ಕಿತ್ತಂತಾಯಿತು. ಗೋಡೆ ಹಿಡಿದು ನಿಂತಳು.

"ಯಕ್ಕಾ, ಪತ್ತಾರ ಮನಿಗೆ ಬಂದು ಕುಂತಾನ," ಎನ್ನುತ್ತ ಸುನೀತಾ ಬಾಗಿಲಲ್ಲಿ ಕಾಣಿಸಿದಳು. "ಡಾಬು ಹುಡುಗಿ ಅಳತಿಗೆ ಹಿಗ್ಗಸಬೇಕು. ಇವತ್ತ ಕೊಡ್ರಿ."

"ಇಲ್ಲಂದ್ನೆಲ್ಲವಾ."

"ಮಕ್ಕಳ ಊಟ ಮಾಡೋ ಜಾಗಾದಾಗ ನಿಂತು ಸುಳ್ಳ ಹೇಳಬ್ಯಾಡ್ರಿ! ಒಂದ ಮನ್ಯಾಗ ಇದ್ದು ಕಳ್ಳಿ ಅನ್ನಿಸ್ಕೊಳ್ಳೂದು ನಿಮಗ ಶೋಭಾ ಅಲ್ಲ," ಎಂದವಳೇ ಸುನೀತಾ ಒಳಗೆ ಬಂದು ಸೊಂಟಕ್ಕೆ ಕೈ ಹಾಕಿದಳು. ಗಟ್ಟಿಯಾದದ್ದು ಸಿಕ್ಕಿತು. ಹಿಡಿದು ಎಳೆದಳು.

ಚರ್ರ್.

ಬೆಳ್ಳಿ ಹಾಗೆ ಸದ್ದು ಮಾಡುವುದಿಲ್ಲ. ಸುನೀತಾಳ ಕೈಯಲ್ಲಿ ಮೈಬಣ್ಣದ, ಅಂಚು ಜೂಲು ಜೂಲಾದ, ಬೆವರಿನ ವಾಸನೆಯ ಅಗಲವಾದ ಪಟ್ಟಾ ಜೋತುಬಿತ್ತು. ಗೌರಕ್ಕ ಹೊಟ್ಟೆ ಹಿಡಿದುಕೊಂಡು ಕುಸಿದಳು.

"ಕಳ್ಳಿ ಅಲ್ಲ ಸುನೀತಾ," ಎಂದಳು, ಉಸಿರು ಸಿಗದೆ. "ಕಳ್ಳು... ಹೊಟ್ಟ್ಯಾಗಿನ ಕಳ್ಳು ಹೊರಗ ಬಂದೈತಿ."

ಕೊಡ ಹೊತ್ತು ಬಂದ ಜೈನಬಿ ಒಂದು ಸಲ ಪಟ್ಟಾವನ್ನೂ ಒಂದು ಸಲ ಡಬರಿಯನ್ನೂ ನೋಡಿದಳು. ಕೊಡ ಕೆಳಗಿಟ್ಟು ಅಕ್ಕಿಯ ಖಾಲಿ ಚೀಲಗಳನ್ನು ಹಾಸಿದಳು.

"ನಾ ಬರೂತನಕ ತಡಕೋಬಾರದೇನ ಗೌರಕ್ಕಾ? ಎರಡ ವರ್ಷದಿಂದ ಆ ಚರ್ ಚರ್ ಕೇಳಾಕತ್ತೀನಿ. ಸ್ಟೋರ್ ರೂಮಿನ ಬಾಗಲಾ ಹಾಕ್ಕೊಂಡ ಕೆಮ್ಮಿದ್ರ ನನಗ ತಿಳಿಯೂದಿಲ್ಲೇನ? ಅದಕ್ಕ ಓಡಿ ಬಂದು ಕಿವಿ ಹಿಡೀತಿದ್ದೆ. ನೀ ನೋಡಿದ್ರ ನನ್ನ ಮ್ಯಾಲ ಹರಿಹಾಯ್ತಿದ್ದಿ."

ಚೀಲದ ಮೇಲೆ ಅಂಗಾತ ಮಲಗಿಸಿದರು. ಗೌರಕ್ಕ ಮೊಣಕಾಲು ಮಡಚಿ, ಉಸಿರು ಬಿಟ್ಟು, ನಾಲ್ಕು ಬೆರಳು ಇಟ್ಟಳು. ಒತ್ತಿದಳು. ಎರಡು ವರ್ಷ ದಿನವೂ ಮಾತು ಕೇಳಿದ ಗಂಟು ಇಂದು ಕೇಳಲಿಲ್ಲ. ಕಲ್ಲಾಗಿತ್ತು. ಮತ್ತೊಮ್ಮೆ ಒತ್ತುವಷ್ಟರಲ್ಲಿ ವಾಂತಿ ಬಂತು.

"ಒಂದ ತಾಸೂ ಕೂಡಬ್ಯಾಡ್ರಿ ಅಂದಿದ್ರು," ಎಂದಳು.

ಜೈನಬಿ ಗಂಡನಿಗೆ ಫೋನ್ ಮಾಡಿದಳು. ಮಲಿಕಸಾಬ ತನ್ನ ಮೂರು ಗಾಲಿಯ ಟಂಟಂ ತಂದು ಅಡುಗೆ ಕೋಣೆಯ ಬಾಗಿಲಿಗೇ ಹಚ್ಚಿದ. ಗೌರಕ್ಕನ ಕೈಯಲ್ಲಿ ಸೌಟು ಇತ್ತು; ಯಾವಾಗ ಹಿಡಿದುಕೊಂಡಳೋ ಅವಳಿಗೂ ಗೊತ್ತಿಲ್ಲ. ಟಂಟಂ ಹತ್ತಿಸುವಾಗ ಅದನ್ನು ಜೈನಬಿಗೆ ಕೊಟ್ಟಳು.

"ಬ್ಯಾಳಿ ಬೆಂದಿಲ್ಲ ಇನ್ನಾ. ಈಗ ಉಪ್ಪ ಹಾಕಬ್ಯಾಡ."

"ನನಗ ಗೊತ್ತೈತಿ ಹೋಗ ಮಾರಾಯ್ತಿ!" ಎಂದು ಜೈನಬಿ ಗದರಿಸಿದಳು. ಅವಳ ಕಣ್ಣಲ್ಲಿ ನೀರಿತ್ತು.

ಕುಂದಗೋಳದಲ್ಲಿ ವೃಂದಾ ಡಾಕ್ಟರ್ ಬಾಯಾರು ನೋಡಿ, ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸಿದರು. ದಾರಿಯುದ್ದಕ್ಕೂ ಸುನೀತಾ ಗೌರಕ್ಕನ ಪಾದ ಹಿಡಿದುಕೊಂಡು ಕೂತಿದ್ದಳು. ಪಟ್ಟಾವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಸುರುಳಿ ಸುತ್ತಿ ಮಡಿಲಲ್ಲಿಯೇ ಇಟ್ಟುಕೊಂಡಿದ್ದಳು.

"ನನ್ನ ಮುಂದರೆ ಹೇಳಬಾರದೇನ ಯಕ್ಕಾ?"

"ನೀ ಪಾಪ ಅಂತಿದ್ದಿ," ಎಂದಳು ಗೌರಕ್ಕ. ಸುನೀತಾಳಿಗೆ ಅರ್ಥವಾಗಲಿಲ್ಲ.

ಕರುಳು ಉಳಿಯಿತು. ಇನ್ನು ಸ್ವಲ್ಪ ತಡವಾಗಿದ್ದರೆ ಕತ್ತರಿಸಬೇಕಾಗುತ್ತಿತ್ತು ಎಂದರು ಅಲ್ಲಿಯ ಡಾಕ್ಟರು. ಒಳಗೆ ಬಲೆಯಂಥ ಜಾಳಿಗೆ ಇಟ್ಟು ಹೊಲಿದು, ಮೂರು ತಿಂಗಳು ಕೊಡ ಕೂಡ ಎತ್ತಬಾರದೆಂದು ಹೇಳಿ ಕಳಿಸಿದರು.

ಮನೆಗೆ ಬಂದಾಗ ಗೌರಕ್ಕನ ಮಂಚವನ್ನು ಮಲ್ಲಕ್ಕನ ಮಂಚದ ಪಕ್ಕಕ್ಕೆ ಹಾಕಿದ್ದರು. ಮೇ ತಿಂಗಳಲ್ಲಿ ಶಾಂಭವಿಯ ಲಗ್ನವೂ ಆಯಿತು. ಕುಂದಗೋಳದ ಅಡುಗೆಯವರು ಬಂದು ಐದುನೂರು ಮಂದಿಗೆ ಬಡಿಸಿದರು. ಡಾಬು ಇಲ್ಲದೆಯೇ ಹುಡುಗಿ ಅಕ್ಷತೆಗೆ ನಿಂತಳು. ಗೌರಕ್ಕ ಗೋಡೆಗೆ ಒರಗಿ ಕೂತು ನೋಡಿದಳು. ಬೇರೆಯವರ ಸಾರಿನ ಒಗ್ಗರಣೆ ಮೂಗಿಗೆ ಬಂದಾಗ, ಸಾಸಿವೆ ಹೊತ್ತಿತು ಎಂದು ಗೊತ್ತಾದರೂ ಸುಮ್ಮನಿದ್ದಳು.

ಲಗ್ನ ಮುಗಿದ ನಾಲ್ಕನೆಯ ದಿನ ಮಲ್ಲಕ್ಕ ಮಂಚದಿಂದ ಕೈ ಚಾಚಿ ಸೊಸೆಯ ಸೊಂಟ ತಡವಿದಳು.

"ಡಾಬು ತಗದೀ?"

ಸುನೀತಾ ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕುಬೇರಪ್ಪ ಪಡಸಾಲೆಯಲ್ಲಿದ್ದ. ಈ ಸಲ ಹೂಂ ಅನ್ನುವುದಕ್ಕೆ ಗೌರಕ್ಕನಿಗೆ ಕಾರಣವೇ ಇರಲಿಲ್ಲ.

"ಅದು ಡಾಬು ಅಲ್ಲರಿ ಅತ್ತಿ. ಪಟ್ಟಾ. ನನ್ನ ಕಳ್ಳು ಇಳದಿತ್ತು. ನಿಮ್ಮ ಮುಂದ ಸುಳ್ಳ ಹೇಳಿದ್ನಿ."

"ನನಗ ಗೊತ್ತಿಲ್ಲೇನ ಹುಚ್ಚಿ?" ಎಂದಳು ಮುದುಕಿ. "ಕಳ್ಳು ಇಳದಾಕಿ ಡಾಬು ಕಟ್ಟಿಕೊಳ್ಳದ ಮತ್ತೇನ ಕಟ್ಟಿಕೋತಾಳ?"

ಮಲ್ಲಕ್ಕ ಯಾರೋ ಕೇಳಿದಂತೆ ತಾನೇ ಮುಂದುವರಿಸಿದಳು.

"ಕುಬೇರ ಹುಟ್ಟಿ ಇಪ್ಪತ್ತ ದಿನಕ್ಕ ಜ್ವಾಳದ ಚೀಲ ಎತ್ತಿದ್ನಿ. ಇಲ್ಲೆ ಗಂಟು ಎದ್ದಿತು. ನಮ್ಮವ್ವ ಅರಿಬಿ ನಾಕ ಮಡಿಕಿ ಮಾಡಿ ಇಟ್ಟು, ಮ್ಯಾಲ ಡಾಬು ಬಿಗದಳು. ಮಲಕ್ಕೊಂಡ ಕಟ್ಟಬೇಕದನ್ನ, ನಿಂತ ಕಟ್ಟಿದ್ರ ಜಾರತೈತಿ. ಊರ ಮಂದಿ ಬಿಂಕದಾಕಿ ಅಂದ್ರು. ಅನ್ಲಿ ಬಿಡು ಅಂದ್ನಿ. ಹರಕ ಹೊಟ್ಟ್ಯಾಕಿ ಅನ್ನಿಸ್ಕೊಳ್ಳೂದಕ್ಕಿಂತ ಬಿಂಕದಾಕಿ ಅನ್ನಿಸ್ಕೊಳ್ಳೂದು ಪಾಡ."

ಗೌರಕ್ಕ ಅತ್ತೆಯ ಮುಚ್ಚಿದ ಬಾಗಿಲನ್ನು ನೆನೆದಳು. ಹೊಸ ಸೊಸೆಯಾಗಿ ಬಂದ ವರ್ಷ ಒಮ್ಮೆ ಆ ಬಾಗಿಲ ಸಂದಿಯಿಂದ ಕಂಡಿದ್ದು ಈಗ ನೆನಪಾಯಿತು: ನೆಲದ ಮೇಲೆ ಮೊಣಕಾಲು ಮಡಚಿ ಅಂಗಾತ ಮಲಗಿದ ಹೆಂಗಸು, ಹೊಟ್ಟೆಯ ಮೇಲೆ ನಾಲ್ಕು ಬೆರಳು.

"ಅಲ್ಲರಿ ಅತ್ತಿ," ಎಂದಳು ಸುನೀತಾ, ದನಿ ತಗ್ಗಿಸಿ. "ಆ ಬೆಳ್ಳಿ ಡಾಬು ಏನಾತ್ರಿ?"

"ಕೀಲು ಸವದು ಎರಡ ತುಂಡಾತು. ಆಮ್ಯಾಲ ನಾ ಹಳೇ ಸೀರಿ ಅಂಚು ಹರದು ಕಟ್ಟಿಕೊಂಡ್ನಿ. ಬೆಳ್ಳಿ ಪತ್ತಾರಗ ಹಾಕಿ ಮಕ್ಕಳಿಗೆ ಎರಡ ಕರಡಿಗಿ ಮಾಡಿಸಿದ್ನಿ, ತವರುಮನಿ ಬೆಳ್ಳಿ ಅಂತ ಹೇಳಿ. ಸಿದ್ಧಾರೂಢಂದು ಗೌರವ್ವನ ದೇವರ ಜಗಲಿ ಮ್ಯಾಲ ಐತಿ. ಇನ್ನೊಂದು ನಿನ್ನ ಗಂಡನ ಕೊಳ್ಳಾಗ."

ಪಡಸಾಲೆಯಲ್ಲಿ ಕರಡಿಗೆ ತಿಕ್ಕುತ್ತಿದ್ದ ಕುಬೇರಪ್ಪನ ಹೆಬ್ಬೆರಳು ಹಾಗೆಯೇ ನಿಂತಿತು.

ಶಾಲೆ ಶುರುವಾಯಿತು. ಹೆಡ್ ಮಾಸ್ತರರು ಗೌರಕ್ಕನ ಹೆಸರು ತೆಗೆಯಲಿಲ್ಲ. ಹಾಗೆಂದು ಮತ್ತೊಬ್ಬರನ್ನು ಹಾಕಲೂ ಇಲ್ಲ. ಅದು ಯಾಕೆಂದು ಗೌರಕ್ಕನಿಗೆ ಜೂನ್ ಎರಡನೆಯ ವಾರ ತಿಳಿಯಿತು. ಜೈನಬಿ ಮಧ್ಯಾಹ್ನ ಶಾಲೆ ಮುಗಿಸಿ, ಬಟ್ಟಲಲ್ಲಿ ಸಾರು ತಂದಿದ್ದಳು.

"ಉಪ್ಪ ನೋಡ ಗೌರಕ್ಕಾ. ಮಕ್ಕಳು ನಿನ್ನ ಕೈದ ಬೇಕಂತಾವ."

ಗೌರಕ್ಕ ರುಚಿ ನೋಡಿದಳು. ಉಪ್ಪು ಸರಿಯಾಗಿತ್ತು. "ಡಬರಿ ಇನ್ನೊಂದ ಕಿವಿ ಯಾರ ಹಿಡೀತಾರ?" ಎಂದು ಕೇಳಿದಳು.

"ಯಾರ ಹಿಡೀತಾರ? ಮತ್ತೊಬ್ಬಾಕಿ ಬಂದ್ಲಂದ್ರ ನಿನ್ನ ಜಾಗಾ ಹೋಗತೈತಿ. ನಾನ ಸಂಬಾಳಿಸ್ತೀನ್ರಿ ಸರ್ ಅಂದೀನಿ. ಎರಡೂ ನಾನ ಹಿಡೀತೀನಿ," ಎಂದು ಜೈನಬಿ ನಕ್ಕಳು. ನಗುವಾಗ ಅವಳ ಕೈ ತಾನಾಗಿಯೇ ಹೊಕ್ಕಳ ಬಳಿ ಹೋಗಿ ಸ್ವಲ್ಪ ಒತ್ತಿ ಹಿಡಿಯಿತು.

ಗೌರಕ್ಕ ಆ ಕೈಯನ್ನೇ ನೋಡಿದಳು. ಬಟ್ಟಲು ಕೆಳಗಿಟ್ಟಳು.

"ಬಾಗಲಾ ಹಾಕಿ ಬಾ ಇಲ್ಲೆ," ಎಂದಳು. "ಈ ಮಂಚದ ಮ್ಯಾಲ ಅಂಗಾತ ಮಲಕ್ಕೊ. ಮೊಣಕಾಲು ಮಡಚು."

"ಯಾಕ? ನನಗೇನಾಗೈತಿ?"

"ಮಲಕ್ಕೊ ಅಂದ್ನೆಲ್ಲ. ಒಂದ ಸಲ ಕೆಮ್ಮು, ನೋಡೂಣು. ಏನರೆ ಇತ್ತಂದ್ರ ನಾಳಿಂದ ಡಬರಿ ಇಬ್ಬರು ಎತ್ತಬೇಕು ಅಂತ ನಾನ ಬಂದು ಹೆಡ್ ಮಾಸ್ತರಗ ಹೇಳತೀನಿ. ನನ್ನ ಜಾಗಾ ಹೋದ್ರ ಹೋಗ್ಲಿ."

ಪಕ್ಕದ ಮಂಚದ ಮೇಲಿನ ಮಲ್ಲಕ್ಕ ಸದ್ದಿನ ಕಡೆಗೆ ಮುಖ ತಿರುಗಿಸಿ, ತಾನೂ ತಡವಿ ನೋಡಲು ಆಗಲೇ ಕೈ ಚಾಚಿದ್ದಳು.